ಯಾರ ನಂಬರು ಹಾಕಲಿ?

ರೋಜಾಳ ಮೊಬೈಲು ಅವಳೊಬ್ಬಳದಾಗಿರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಶಿರಹಟ್ಟಿಯ ಪದವಿ ಕಾಲೇಜಿಗೆ ಬರುವ ಎಷ್ಟೋ ಹುಡುಗಿಯರ ಪಾಲಿಗೂ ಅದೇ ಮೊಬೈಲು. ಪ್ರವೇಶದ ಹೊತ್ತಿನಲ್ಲಿ ವಿಶ್ವವಿದ್ಯಾಲಯದ ಪೋರ್ಟಲ್ ಪ್ರತಿಯೊಬ್ಬರಿಗೂ ಒಂದು ನಂಬರು ಕೇಳುತ್ತದೆ. ಆಮೇಲೆ ವಿಷಯ ಆರಿಸಲಿ, ಪರೀಕ್ಷೆಗೆ ನೋಂದಾಯಿಸಲಿ, ಹೆಸರೇ ತೆಗೆಸಲಿ, ಆ ನಂಬರಿಗೆ ಒಟಿಪಿ ಬರಬೇಕು. ಅದನ್ನು ಹೊಡೆಯದೆ ಮುಂದಕ್ಕೆ ದಾರಿಯಿಲ್ಲ. "ಯಾರ ನಂಬರ ಹಾಕ್ಲಿ?" ಎಂದು ಕಾಲೇಜು ಕಚೇರಿಯ ಕಿಟಕಿಯ ಒಳಗಿನಿಂದ ಗುಮಾಸ್ತೆ ರೋಜಾ ಕೇಳಿದರೆ ಗಂಡುಹುಡುಗರು ತಟ್ಟನೆ ಹೇಳಿಬಿಡುತ್ತಿದ್ದರು. ಹುಡುಗಿಯರು ತಡವರಿಸುತ್ತಿದ್ದರು. ಅಪ್ಪಂದೋ, ಅಣ್ಣಂದೋ, ಸೋದರಮಾವಂದೋ? ಫೋನು ಯಾರ ಕಿಸೆಯಲ್ಲಿದೆಯೋ ಓದೂ ಅವರ ಕಿಸೆಯಲ್ಲೇ ಎಂಬುದು ರೋಜಾಳಿಗೆ ಚೆನ್ನಾಗಿ ಗೊತ್ತಿತ್ತು. ಯಾವ ಹುಡುಗಿ ತುಸು ತಡವರಿಸಿದಳೋ ಅವಳ ಹೆಸರಿನ ಮುಂದೆ ಎರಡನೇ ಮಾತಿಲ್ಲದೆ ತನ್ನದೇ ನಂಬರು ಹೊಡೆದುಬಿಡುತ್ತಿದ್ದಳು. ಇದು ನಿಯಮಕ್ಕೆ ವಿರುದ್ಧ. ಪ್ರಿನ್ಸಿಪಾಲರಿಗೆ ಗೊತ್ತಾದರೆ ಗುತ್ತಿಗೆಯ ನೌಕರಿ ಅಲ್ಲಿಗೆ ಗೋವಿಂದ.

ಹಾವು ಕಡಿದವರಿಗೆ ಹಗ್ಗ ಕಂಡರೂ ಭಯ. ಇವಳಿಗೆ ಕಡಿದ ಹಾವು ಮುಂಡರಗಿಯ ತವರುಮನೆಯಲ್ಲೇ ಇತ್ತು. ಬಿ.ಕಾಂ. ಮುಗಿಸಿ ಎಂ.ಕಾಂ.ಗೆ ಅರ್ಜಿ ಹಾಕಿದ್ದಾಗ ಮನೆಯ ಒಂದೇ ಫೋನು ಅಣ್ಣ ಲೋಹಿತನ ಕೈಯಲ್ಲಿತ್ತು. ಕೊನೆಯ ದಿನ ಸಂಜೆಯವರೆಗೂ ಅವನು "ಮೆಸೇಜ ಬಂದಿಲ್ಲ, ಸರ್ವರ ಬಿಜಿ ಐತಿ" ಎನ್ನುತ್ತಲೇ ಇದ್ದ. ಸೀಟು ಹೋಯಿತು, ಓದೂ ನಿಂತಿತು. ಎಷ್ಟೋ ದಿನಗಳ ಮೇಲೆ ಒಂದು ಹಬ್ಬದೂಟದಲ್ಲಿ ಅವನೇ ನಗುತ್ತ ಹೇಳಿದ: "ಮೆಸೇಜ ಬಂದಿತ್ತು ತಂಗಿ. ಒಬ್ಬಾಕಿನ್ನ ಧಾರವಾಡಕ್ಕ ಹೆಂಗ ಕಳಸೂದು? ನಿನ್ನ ಛಲೋದಕ್ಕ ಸುಮ್ಮನಾದ್ನಿ." ಮಾಡಿದ್ದಕ್ಕಿಂತ ಅದನ್ನು ನಗುತ್ತ ಹೇಳಿದ್ದೇ ಅವಳಿಗೆ ಹೆಚ್ಚು ಉರಿದದ್ದು.

ಈಗ ಆ ದಿನದ ಮಾತು. ಅವತ್ತು ಹೊಸ ಪ್ರವೇಶಕ್ಕೂ ಪ್ರವೇಶ ರದ್ದು ಮಾಡಿಸುವುದಕ್ಕೂ ಕೊನೆಯ ದಿನ, ಸಂಜೆ ಐದಕ್ಕೆ ಪೋರ್ಟಲ್ ಬಂದ್. ರೋಜಾ ಊಟದ ಡಬ್ಬಿ ತೊಳೆದು ಬರುವಷ್ಟರಲ್ಲಿ ಬೆಳ್ಳಟ್ಟಿಯ ದಸ್ತಗೀರಸಾಬ ಕಿಟಕಿಯ ಮುಂದೆ ನಿಂತಿದ್ದ. ಊರೂರು ತಿರುಗಿ ಗಾದಿ ಹೊಲಿಯುವ ಮನುಷ್ಯ, ಅಂಗಿಗೆ ಅಂಟಿದ ಹತ್ತಿಯ ಎಳೆ ಎಷ್ಟು ಕೊಡವಿದರೂ ಹೋಗುವುದಿಲ್ಲ. ಅವನ ಹಿಂದೆ ಮಗಳು ನಿಶಾತ, ಬಿ.ಎ. ಮೊದಲ ಸೆಮಿಸ್ಟರಿನವಳು, ವೇಲಿನಿಂದ ಮೂಗು ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಹುಡುಗಿಯ ಕಣ್ಣು ಕೆಂಪಗಾಗಿದ್ದವು.

"ಅಕ್ಕಾರ, ನಮ್ಮ ಹುಡಿಗಿ ಹೆಸರು ತಗದ ಬಿಡ್ರಿ," ಅಂದ ದಸ್ತಗೀರಸಾಬ.

ರೋಜಾ ಡಬ್ಬಿ ಕೆಳಗಿಟ್ಟಳು. "ಯಾಕ್ರಿ ಕಾಕಾರ? ಛಲೋ ಓದೂ ಹುಡಿಗಿ."

"ಒಂದ ಕೆಲಸ ಐತ್ರಿ. ಗದಗದಾಗ ನಮ್ಮ ಮಂದಿ ಕಾಯಾಕತ್ತಾರ. ಐದರೊಳಗ ಮುಗೀಬೇಕ್ರಿ."

"ಎಂಥಾ ಕೆಲಸ?"

ಅವನು ಆಚೀಚೆ ನೋಡಿದ. ಕಿಟಕಿಯ ಬಳಿ ಫೀ ತುಂಬಲು ಬಂದ ನಾಲ್ಕಾರು ಜನ ಇದ್ದರು. "ಆದ ಮ್ಯಾಲ ಹೇಳ್ತೀನ್ರಿ. ಈಗ ಕೇಳಬ್ಯಾಡ್ರಿ."

ರೋಜಾ ಕಿಟಕಿಯ ಸರಳಿನ ಹತ್ತಿರ ಮುಖ ತಂದಳು. "ನಿಶಾತ, ನಿನಗ ಒಪ್ಪಿಗಿ ಐತೇನ?"

ಹುಡುಗಿ ಮೊದಲು ಅಪ್ಪನ ಮುಖ ನೋಡಿದಳು. ಆಮೇಲೆ "ಹೂಂನ್ರಿ ಮೇಡಂ" ಅಂದಳು, ಅದೂ ವೇಲಿನ ಒಳಗಿನಿಂದ.

ಗದಗದಲ್ಲಿ ಕಾಯುತ್ತಿರುವ ಮಂದಿ, ಬಾಯಿ ಬಿಟ್ಟು ಹೇಳಲಾಗದ ಕೆಲಸ, ಅತ್ತು ಕೆಂಪಾದ ಕಣ್ಣು. ಇಷ್ಟನ್ನೂ ಕೂಡಿಸಿದರೆ ಲಗ್ನವಲ್ಲದೆ ಮತ್ತೇನು ಬರುತ್ತದೆ? ಬಿ.ಕಾಂ. ಓದಿದವಳು, ಕೂಡಿಸುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅವಳು ಕಂಪ್ಯೂಟರಿನಲ್ಲಿ ನಿಶಾತಳ ಹೆಸರು ಹುಡುಕಿ 'ಪ್ರವೇಶ ರದ್ದು' ಒತ್ತಿದಳು. ಒಂದು ಗಳಿಗೆಯಲ್ಲಿ ಮೇಜಿನ ಡ್ರಾವರಿನೊಳಗೆ ಅವಳ ಮೊಬೈಲು ಗುರ್ ಅಂದಿತು. ರೋಜಾ ಡ್ರಾವರಿನ ಮೇಲೆ ಮೊಣಕೈ ಊರಿದಳು.

"ಒಟಿಪಿ ಬರಬೇಕ್ರಿ. ಬಂದಿಲ್ಲ. ಸರ್ವರ ಬಿಜಿ ಐತಿ. ಕುಂಡ್ರಿ," ಅಂದಳು.

ದಸ್ತಗೀರಸಾಬ ತನ್ನ ಕಿಸೆಯಿಂದ ಗುಂಡಿ ಮೊಬೈಲು ತೆಗೆದು, ಅಂಗಿಯ ತುದಿಯಿಂದ ಒರೆಸಿ ನೋಡಿದ. "ಏನೂ ಬಂದಿಲ್ಲಲ್ರಿ."

ತನ್ನ ನಂಬರು ದಾಖಲೆಯಲ್ಲಿ ಇಲ್ಲವೆಂಬುದು ಅವನಿಗೇನು ಗೊತ್ತು? ಪ್ರವೇಶದ ದಿನ ನಿಶಾತ ನಂಬರಿಗೆ ತಡವರಿಸಿದ್ದಳು, ರೋಜಾ ಅವಳ ಒಪ್ಪಿಗೆ ಕೇಳದೇ ತನ್ನದನ್ನು ಹಾಕಿದ್ದಳು. ಅಪ್ಪ ಮಗಳಿಬ್ಬರೂ ಹೋಗಿ ವರಾಂಡದ ಬೆಂಚಿನ ಮೇಲೆ ಕೂತರು. ಅವನು ಆ ಮೊಬೈಲನ್ನು ಅಂಗೈಯಲ್ಲಿಟ್ಟುಕೊಂಡು ಅದರ ಮುಖವನ್ನೇ ನೋಡುತ್ತಿದ್ದ. ರೋಜಾಳಿಗೆ ಪಾಪ ಅನ್ನಿಸದೆ ಇರಲಿಲ್ಲ. ಅದರ ಬೆನ್ನಿಗೇ ಲೋಹಿತನ ನಗೆ ನೆನಪಾಯಿತು, ಪಾಪ ಅನ್ನಿಸಿದ್ದು ಕರಗಿತು. ಐದು ಹೊಡೆದರೆ ಸಾಕು. ಆಮೇಲೆ ಈ ವರ್ಷ ಯಾರಪ್ಪನಿಂದಲೂ ಹುಡುಗಿಯ ಹೆಸರು ತೆಗೆಯಲಾಗದು.

ಅವನು ಮತ್ತೆ ಕಿಟಕಿಗೆ ಬಂದ. "ಇನ್ನೊಮ್ಮಿ ಒತ್ತಿ ನೋಡ್ರಲ್ಲ." ಅವನ ಕಣ್ಣೆದುರಿಗೇ ಒತ್ತಬೇಕಾಯಿತು. ಡ್ರಾವರು ಮತ್ತೆ ಗುರ್ ಅಂದಿತು. ಚಹಾ ಹಂಚುತ್ತಿದ್ದ ಜವಾನ ಹೇಮಪ್ಪ ಕಿವಿ ನಿಮಿರಿಸಿದ. "ಮೇಡಮ್ಮಾರ, ಡ್ರಾವರನ್ಯಾಗ ಇಲಿ ಹೊಕ್ಕೈತೇನ್ರಿ?"

"ನಿನ್ನ ಚಾದ ಕೆಲಸ ನೀ ನೋಡ ಹೇಮಣ್ಣ," ಎಂದು ರೋಜಾ ಸಿಡುಕಿದಳು.

ನಾಲ್ಕು ದಾಟಿದ ಮೇಲೆ ಅವನು ಮೂರನೇ ಸಲ ಬಂದು ಕೈ ಮುಗಿದ. ಅವಳು ಮೂರನೇ ಸಲ ಒತ್ತಿದಳು. ಈ ಸಲ ಒಟಿಪಿ ಬಂದದ್ದಲ್ಲದೆ ಪರದೆಯ ಮೇಲೆ ಕೆಂಪು ಅಕ್ಷರವೂ ಮೂಡಿತು: ಒಟಿಪಿ ಮೂರು ಸಲ ಕಳುಹಿಸಲಾಗಿದೆ, ಅರ್ಧ ಗಂಟೆಯ ನಂತರ ಪ್ರಯತ್ನಿಸಿ. ರೋಜಾಳಿಗೆ ಹಾಯೆನಿಸಿತು. ಇನ್ನು ತಾನು ಸುಳ್ಳು ಹೇಳಬೇಕಾಗಿಲ್ಲ, ಯಂತ್ರವೇ ಹೇಳುತ್ತದೆ. ಪರದೆಯನ್ನು ಅವನತ್ತ ತಿರುಗಿಸಿ ತೋರಿಸಿದಳು. ದಸ್ತಗೀರಸಾಬನ ಮುಖ ಬಾಡಿತು. ಗದಗಕ್ಕೆ ಫೋನು ಮಾಡಿ ಬರುತ್ತೇನೆಂದು ಗೇಟಿನ ಕಡೆ ಹೊರಟ.

ಹುಡುಗಿ ಒಬ್ಬಳೇ ಸಿಕ್ಕದ್ದು ಆಗಲೇ. ರೋಜಾ ಅವಳನ್ನು ಕಚೇರಿಯೊಳಗೆ ಕರೆದು ಕಪಾಟಿನ ಮರೆಗೆ ನಿಲ್ಲಿಸಿಕೊಂಡಳು.

"ಹೆದರಬ್ಯಾಡ ನಿಶಾತ. ಒಟಿಪಿ ಬಂದೈತಿ. ನಿನ್ನ ಹೆಸರಿಗೆ ನನ್ನ ನಂಬರ ಹಾಕೀನಿ. ನಾನ ಬೇಕಂತ ಮುಚ್ಚಿಟ್ಟೀನಿ. ಐದ ಆತಂದ್ರ ನಿನ್ನ ಓದು ಯಾರೂ ಬಿಡಸಾಕ ಆಗೂದಿಲ್ಲ. ಲಗ್ನ ಮುಂದ ನೋಡಿದರಾತು."

ಇಷ್ಟು ಹೇಳಿ ಅವಳು ಹುಡುಗಿಯ ಕೈ ಹಿಡಿದುಕೊಂಡಳು. ತನ್ನ ಕಾಲದಲ್ಲಿ ತನಗೆ ಹೀಗೆ ಹೇಳುವವರು ಯಾರೂ ಇರಲಿಲ್ಲವಲ್ಲ ಎಂದು ಅವಳ ಕಣ್ಣೂ ತುಂಬಿದ್ದವು.

ನಿಶಾತಳ ವೇಲು ತಾನಾಗಿ ಜಾರಿತು. "ಯಾವ ಲಗ್ನರಿ ಮೇಡಂ?"

"ಗದಗದಾಗ..."

"ಗದಗದಾಗ ಬಿ.ಎಸ್ಸಿ. ಸೀಟರಿ! ಯಾರೋ ಬಿಟ್ಟ ಸೀಟು, ಹಾಸ್ಟೆಲ್ಲ ಸಮೇತ ನಿನ್ನೆ ರಾತ್ರಿ ನನ್ನ ಹೆಸರಿಗೆ ಬಂತು. ಇಲ್ಲಿ ಹೆಸರು ತಗೀಲಾರದ ಅಲ್ಲಿ ಹತ್ತೂದಿಲ್ಲಂತ. ನಮ್ಮ ತಾರೀಖ ಮಾಮಾ ಮುಂಜಾನಿಂದ ಅಲ್ಲಿ ಕಿಡಕಿ ಮುಂದ ಕುಂತಾನ."

ರೋಜಾ ಹುಡುಗಿಯ ಕೈ ಬಿಟ್ಟಳು. "ಮತ್ತ ನಿಮ್ಮ ಅಪ್ಪ ಹೇಳಬೇಕಿಲ್ಲೇನ?"

"ಮೊದಲನೇ ಲಿಸ್ಟನ್ಯಾಗ ಹೆಸರು ಬಂದಾಗ ಅಪ್ಪ ಇಡೀ ಓಣಿಗೆ ಸಕ್ಕರಿ ಹಂಚಿದ್ರಿ. ಹಾಸ್ಟೆಲ್ಲ ಸಿಗಲಿಲ್ಲ, ಸೀಟ ಹೋತು. ಮಂದಿ ಕಣ್ಣು ತಾಗಿ ನೆದರ ಬಿತ್ತು ಅಂದ. ಈ ಸಲ ಸೀಟಿನ ಪಾವತಿ ಚೀಟಿ ಕೈಗೆ ಬರೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕ್ಯಾನ." ಹುಡುಗಿ ಕಿಟಕಿಯಾಚೆ ಅಪ್ಪ ಬಂದನೇನೋ ಎಂದು ನೋಡಿದಳು. "ರಾತ್ರಿ ಎಲ್ಲಾ ನಿದ್ದಿ ಮಾಡಿಲ್ಲರಿ ನಾವು. ನೀವು ನನ್ನ ಕೇಳಿದ್ರಿ, ನಾ ಹೂಂ ಅಂದಿದ್ನೆಲ್ರಿ ಮೇಡಂ."

ರೋಜಾ ಕೇಳಿದ್ದು ಹೌದು, ಹುಡುಗಿ ಹೂಂ ಅಂದದ್ದೂ ಹೌದು. ಆದರೆ ಆ ಹೂಂ ತಾನು ಮನಸ್ಸಿನಲ್ಲಿ ಕಟ್ಟಿದ ಕಥೆಗೆ ಒಗ್ಗಲಿಲ್ಲವೆಂದು ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ಓಡಿಹೋಗಿ ಡ್ರಾವರು ತೆರೆದಳು. ಬಂದ ಮೂರು ಒಟಿಪಿಗಳ ಅವಧಿಯೂ ಮುಗಿದಿತ್ತು. ಪರದೆಯ ಕೆಂಪು ಅಕ್ಷರ ಹಾಗೇ ಇತ್ತು. ನಾಲ್ಕೂ ಮುಕ್ಕಾಲಿನವರೆಗೆ ಅದು ಜಗ್ಗುವುದಿಲ್ಲ. ವಿಶ್ವವಿದ್ಯಾಲಯದ ಸಹಾಯವಾಣಿಗೆ ಫೋನು ಹಚ್ಚಿದಳು, ಬಿಜಿ. ಮತ್ತೆ ಹಚ್ಚಿದಳು, ಬಿಜಿ. ಗಣಪ್ಪನ್ನ ಮಾಡಾಕ ಹೋಗಿ ಅವರಪ್ಪನ್ನ ಮಾಡಿದ್ರಂತ ಎಂದು ಹೇಮಪ್ಪ ಆಗಾಗ ಹೇಳುತ್ತಿದ್ದ, ಅದು ತನ್ನನ್ನು ಕುರಿತೇ ಹೇಳಿದ ಗಾದೆ ಅನ್ನಿಸಿತು.

"ನಿಮ್ಮ ಅಪ್ಪಗ ನಾನ ಹೇಳ್ತೀನಿ. ತಪ್ಪು ನನ್ನದು," ಅಂದಳು.

"ಈಗ ಬ್ಯಾಡ್ರಿ," ನಿಶಾತ ತಡೆದಳು. "ಮತ್ತ ನೆದರ ಬಿತ್ತು ಅಂತ ಅಳಾಕ ಸುರು ಮಾಡ್ತಾನ. ಮೊದಲ ಕೆಲಸ ಆಗ್ಲಿ."

ದಸ್ತಗೀರಸಾಬ ಗೇಟಿನಿಂದ ಮರಳಿ ಬಂದು ಬೆಂಚಿನ ಮೇಲೆ ಕೂತ. ಮೂವರೂ ಗೋಡೆಯ ಗಡಿಯಾರ ನೋಡುತ್ತಿದ್ದರು. ಬೇರೆ ದಿನ ಮನೆಗೆ ಹೋಗುವ ಆತುರಕ್ಕೆ ಎಷ್ಟು ಬೈದರೂ ಓಡದ ಮುಳ್ಳು ಇವತ್ತು ಒಮ್ಮೆ ಓಡಿದಂತೆಯೂ ಒಮ್ಮೆ ನಿಂತಂತೆಯೂ ಕಾಣುತ್ತಿತ್ತು. ರೋಜಾ ಉಗುರು ಕಚ್ಚಿ ಕಚ್ಚಿ ನೋಯಿಸಿಕೊಂಡಿದ್ದಳು.

ಕೆಂಪು ಅಕ್ಷರ ಅಳಿಯಿತು. ರೋಜಾ ಒತ್ತಿದಳು. 'ಒಟಿಪಿ ಕಳುಹಿಸಲಾಗಿದೆ' ಎಂದು ಪರದೆ ಹೇಳಿತು. ಮೇಜಿನ ಮೇಲೆ ತೆಗೆದಿಟ್ಟ ಮೊಬೈಲು ಸುಮ್ಮನೆ ಬಿದ್ದಿತ್ತು. ಮಧ್ಯಾಹ್ನವೆಲ್ಲ ಬೇಡವೆಂದರೂ ಗುರುಗುಟ್ಟಿದ ಮೊಬೈಲು ಈಗ ಮಿಸುಕಲಿಲ್ಲ. ಕೊನೆಯ ಗಳಿಗೆಯಲ್ಲಿ ಎಲ್ಲ ಕಾಲೇಜುಗಳೂ ಒಟ್ಟಿಗೇ ಒತ್ತುತ್ತಿರಬೇಕು. ಮೇಲಾಗಿ ಸಿಗ್ನಲ್ ಒಂದೇ ಕಡ್ಡಿ ತೋರಿಸುತ್ತಿತ್ತು.

"ಬಂತೇನ್ರಿ?" ನಿಶಾತ ಕೇಳಿದಳು.

"ಬಂದಿಲ್ಲ."

ಹುಡುಗಿ ಅವಳ ಮುಖವನ್ನೇ ನೋಡಿದಳು. ಆ ನೋಟ ರೋಜಾಳಿಗೆ ಗುರುತಿತ್ತು. ಮುಂಡರಗಿಯ ಮನೆಯ ಪಡಸಾಲೆಯಲ್ಲಿ ನಿಂತು ತಾನೇ ಅಣ್ಣನನ್ನು ಹಾಗೆ ನೋಡಿದ್ದಳು. ಅವತ್ತು ಅವನು ಆಡಿದ ಮಾತೂ ಇದೇ, ದನಿಯೂ ಇದೇ. ಅವನೂ ತಂಗಿಯ ಒಳ್ಳೆಯದಕ್ಕೆಂದು ನಂಬಿಯೇ ಮಾಡಿದ್ದನೇನೋ ಎಂದು ಅವಳಿಗೆ ಮೊದಲ ಸಲ ಅನ್ನಿಸಿತು.

"ಖರೇನ ಬಂದಿಲ್ಲ ನಿಶಾತ," ಅಂದಳು. ಮೊಬೈಲನ್ನೆತ್ತಿ ಹುಡುಗಿಯ ಕೈಗೆ ಕೊಟ್ಟಳು. "ತಗೋ, ನೀನ ಹಿಡಿ. ಹೊರಗ ಬೇವಿನ ಗಿಡದ ಕೆಳಗ ಟವರ ಸಿಗತೈತಿ. ಬಂದ ಕೂಡ್ಲೆ ಒದರು."

ನಿಶಾತ ಚಪ್ಪಲಿ ಬಿಟ್ಟು ಓಡಿದಳು. ಏನಾಯಿತೆಂದು ತಿಳಿಯದ ದಸ್ತಗೀರಸಾಬ ತನ್ನ ಗುಂಡಿ ಮೊಬೈಲು ಹಿಡಿದು ಅವಳ ಹಿಂದೆ ಓಡಿದ. ರೋಜಾ ಕೀಲಿಮಣೆಯ ಮೇಲೆ ಬೆರಳಿಟ್ಟು ಕೂತಳು. ಕಿಟಕಿಯಾಚೆ ಹುಡುಗಿ ಮೊಬೈಲನ್ನು ತಲೆಯ ಮೇಲೆ ಎತ್ತಿ ಹಿಡಿದು ಗಿಡದ ಸುತ್ತ ತಿರುಗುವುದು ಕಾಣುತ್ತಿತ್ತು. ಆಮೇಲೆ ಚೀರಿದ್ದು ಕೇಳಿತು. ಒಂದೊಂದೇ ಅಂಕಿ ಕೂಗುತ್ತ ಅವಳು ಕಿಟಕಿಗೇ ಓಡಿ ಬಂದಳು, ರೋಜಾ ಹೊಡೆಯುತ್ತ ಹೋದಳು. ಎಲ್ಲ ಅಂಕಿ ತುಂಬಿದ ಮೇಲೆ ಅವಳ ಕೈ ನಿಂತಿತು.

"ನಿಶಾತ, ಐದಕ್ಕ ಇನ್ನ ನಾಕ ನಿಮಿಷ ಐತಿ. ಇಲ್ಲಿ ತಗದು ಅಲ್ಲಿ ಹತ್ತಲಿಲ್ಲಂದ್ರ ಎರಡೂ ಹೋಗತಾವು. ಈ ವರ್ಷ ಎಲ್ಲೂ ಇಲ್ಲದಂಗ ಆಗತೈತಿ. ಒತ್ತಲೋ ಬ್ಯಾಡೋ? ನೀನ ಹೇಳು."

ಹುಡುಗಿ ಈ ಸಲ ಅಪ್ಪನ ಮುಖ ನೋಡಲಿಲ್ಲ. "ಒತ್ತರಿ," ಅಂದಳು.

ರೋಜಾ ಒತ್ತಿದಳು. ಬೆಳ್ಳಟ್ಟಿಯ ನಿಶಾತಳ ಹೆಸರು ಶಿರಹಟ್ಟಿಯ ಪಟ್ಟಿಯಿಂದ ಹೋಯಿತು. "ಹೋತು! ನಿಮ್ಮ ಮಾಮಾಗ ಹೇಳ್ರಿ!" ದಸ್ತಗೀರಸಾಬ ಗದಗಕ್ಕೆ ಫೋನು ಹಚ್ಚಿ "ತಾರೀಖ, ಒತ್ತಸಲೇ, ಜಲ್ದಿ ಒತ್ತಸು" ಎಂದು ಇಡೀ ಕಾಲೇಜಿಗೆ ಕೇಳುವಂತೆ ಕೂಗಿದ. ಆಮೇಲೆ ಫೋನನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದ. ಅವನ ತುಟಿ ಅಲ್ಲಾಡುತ್ತಿದ್ದವು. ರೋಜಾ ಗಡಿಯಾರ ನೋಡಲಾರದೆ ಹುಡುಗಿಯ ಬರಿಗಾಲು ನೋಡುತ್ತಿದ್ದಳು. ಇವಳ ಒಂದು ವರ್ಷ ಹೋದರೆ ತಾನು ಈ ಕುರ್ಚಿಯಲ್ಲಿ ಮತ್ತೆ ಕೂರುವುದಿಲ್ಲ ಎಂದುಕೊಂಡಳು. ಐದಾಯಿತು. ಪರದೆಯ ಮೇಲೆ ಪೋರ್ಟಲ್ ತಾನಾಗಿ ಮುಚ್ಚಿಕೊಂಡಿತು.

ದಸ್ತಗೀರಸಾಬ ಕಣ್ಣು ತೆರೆದ. "ಹತ್ತೈತಂತ," ಅಂದವನೇ ಬೆಂಚಿನ ಮೇಲೆ ಕುಸಿದು ಕೂತು ಅತ್ತುಬಿಟ್ಟ. "ಪಾವತಿ ಕೈಯಾಗ ಐತಂತ."

ಹೇಮಪ್ಪ ನೀರು ತಂದುಕೊಟ್ಟ. ದಸ್ತಗೀರಸಾಬ ಕುಡಿದು, ಮುಖ ಒರೆಸಿಕೊಂಡು, ಹೊರಗೆ ಹೋಗಿ ಪೇಡೆಯ ಪೊಟ್ಟಣ ತಂದ. ಮೊದಲ ಪೇಡೆ ರೋಜಾಳ ಅಂಗೈಗೇ ಇಟ್ಟ.

"ನಮ್ಮ ಫೋನಿಗೆ ಬರಲಾರದ್ದು ನಿಮ್ಮ ಫೋನಿಗೆ ಬಂತು ನೋಡ್ರಿ ಅಕ್ಕಾರ. ನೀವು ಇರಲಿಲ್ಲಂದ್ರ ನನ್ನ ಮಗಳ ಓದು ಮುಗೀತಿತ್ತು. ಪುಣ್ಯಾತಗಿತ್ತಿ ನೀವು."

ರೋಜಾ ಬಾಯಿ ತೆರೆದಳು. "ಕಾಕಾರ, ಒಟಿಪಿ ಮಧ್ಯಾನಾನ ಬಂದಿತ್ರಿ. ನಾನ..."

"ಬಸ್ ಹೋಗತೈತಿ ಅಪ್ಪಾ, ನಡಿ," ಎಂದು ನಿಶಾತ ಅಪ್ಪನ ತೋಳು ಹಿಡಿದು ಎಳೆದಳು. ಅವನು ಇನ್ನೊಬ್ಬರಿಗೆ ಪೇಡೆ ಕೊಡುವ ಸಡಗರದಲ್ಲಿದ್ದ, ಕೇಳಿಸಿಕೊಳ್ಳಲಿಲ್ಲ. ಬಾಗಿಲ ಬಳಿ ಹುಡುಗಿ ತಿರುಗಿ ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಸಲಿಗೆಯೂ ಇರಲಿಲ್ಲ. "ಹಾಸ್ಟೆಲ್ಲಿಗೆ ಬೇಕಾಗತೈತಿ ಅಂತ ಅಪ್ಪ ನನಗ ಫೋನ ಕೊಡಸ್ಯಾನರಿ ಮೇಡಂ. ಅಲ್ಲಿ ನನ್ನ ನಂಬರ ಐತಿ," ಅಂದಳು. ಆಮೇಲೆ ರೋಜಾಳ ಮೊಬೈಲನ್ನು ಮೇಜಿನ ಮೇಲಿಟ್ಟು ಹೋದಳು.

ರೋಜಾ ಪೇಡೆಯನ್ನು ತಿನ್ನದೆ ಕಾಗದದಲ್ಲಿ ಸುತ್ತಿ ಡಬ್ಬಿಯ ಪಕ್ಕಕ್ಕಿಟ್ಟಳು.

ಮರುದಿನ ಕಾಲೇಜು ತೆರೆಯುವ ಮೊದಲೇ ಬಂದು ತನ್ನ ನಂಬರು ಯಾವ ಯಾವ ಹೆಸರಿನ ಮುಂದಿದೆ ಎಂದು ಹುಡುಕಿ ತೆಗೆದಳು. ತಾನು ಎಣಿಸಿದ್ದಕ್ಕಿಂತ ಬಹಳ ಇದ್ದವು. ಮೊದಲ ಪಿರಿಯಡ್ಡಿಗೆ ಮುಂಚೆ ಬಾಳೆಹೊಸೂರಿನ ಅಲ್ಫಿಯಾಳನ್ನು ಕಿಟಕಿಗೆ ಕರೆಸಿದಳು. ಹುಡುಗಿ ಏನು ತಪ್ಪಾಯಿತೋ ಎಂದು ಗಾಬರಿಯಿಂದ ಬಂದು ನಿಂತಳು.

"ನಿನ್ನ ಹೆಸರಿಗೆ ನನ್ನ ನಂಬರ ಐತಿ. ನಾ ನಿನ್ನ ಕೇಳಿರಲಿಲ್ಲ," ಅಂದಳು ರೋಜಾ. "ಈಗ ಹೇಳು. ಯಾರ ನಂಬರ ಹಾಕ್ಲಿ?"

ಅಲ್ಫಿಯಾ ತಡವರಿಸಿದಳು. ನೆಲ ನೋಡಿದಳು, ಬ್ಯಾಗಿನ ಪಟ್ಟಿ ತಿರುವಿದಳು. ಗಂಟೆ ಹೊಡೆಯಿತು. ರೋಜಾ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡು ಕಾಯುತ್ತ ಕೂತಳು.