ಝೊಂಗೊ ಮುದುಕನ ಹೆಬ್ಬೆರಳು

ಪರದೇಶದಿಂದ ಬಂದ ರೋಗಿಗಳ ಆಚಾರಕ್ಕೆ ಮರ್ಯಾದೆ ಕೊಡಿ ಎಂದು ಆಬಿಜಾನಿನ ಆಸ್ಪತ್ರೆಯಲ್ಲಿ ನರ್ಸುಗಳಾದ ನಮಗೆಲ್ಲ ಬೆಳಗ್ಗೆ ತಾನೇ ಪಾಠವಾಗಿತ್ತು. ಮಧ್ಯಾಹ್ನ ನಾನು ಎಪ್ಪತ್ತು ದಾಟಿದ ಮುದುಕನೊಬ್ಬನನ್ನು ವಾರ್ಡಿನ ನಡುವೆ ಗುಲಾಮ ಎಂದು ಕರೆದೆ. ನಮ್ಮ ಎಳೆ ಡಾಕ್ಟರ್ ಅಮಾನಿಯವರ ಮುಖ ನೋಡಬೇಕಿತ್ತು.

ಮುದುಕನ ಹೆಸರು ರಾಸ್ಮಾನೆ ಝೊಂಗೊ. ಬುರ್ಕಿನಾದಿಂದ ಕೋಕೋ ತೋಟದ ಕೂಲಿಗೆಂದು ಬಂದು ಇಲ್ಲೇ ಮುದುಕನಾದವನು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಹೆಬ್ಬೆರಳು ಕಪ್ಪಾಗಿ ಕೊಳೆತಿತ್ತು. ಇವತ್ತೇ ತೆಗೆಯದಿದ್ದರೆ ಕಾಲು ಹೋಗುತ್ತದೆ, ಆಮೇಲೆ ಜೀವವೂ. ಜಪ್ಪಯ್ಯ ಅಂದರೂ ಅವನು ಒಪ್ಪಲೊಲ್ಲ.

“ತಾತ, ತಾವು ದಯವಿಟ್ಟು ಯೋಚನೆ ಮಾಡಿ,” ಎಂದರು ಅಮಾನಿ. ಕಾಲಿಗೆ ಬೀಳುವುದೊಂದು ಬಾಕಿ.

ಅವರು ಪಕ್ಕದ ಮಂಚಕ್ಕೆ ಹೋದದ್ದೇ ತಡ, ಮುದುಕ ಮಂಚದ ಬಳಿ ಕೂತಿದ್ದ ಮಗನಿಗೆ ಪಿಸುಗುಟ್ಟಿದ. “ಡಾಕ್ಟ್ರು ಇಷ್ಟೊಂದು ಮರ್ಯಾದೆ ಕೊಡ್ತಾರೆ ಅಂದ್ರೆ ನನ್ನ ಕಥೆ ಮುಗೀತು ಕಣೋ. ಅಲ್ಲಾ ಕೊಟ್ಟ ಮೈ, ಇಡಿಯಾಗೇ ಮಣ್ಣಿಗೆ ಹೋಗ್ಲಿ.”

ನನಗೆ ರೇಗಿತು. ನಾನೂ ಬುರ್ಕಿನಾದವಳೇ; ಅವನು ಮೊಸ್ಸಿ, ನಾನು ಸಾಮೊ. ನಮ್ಮೆರಡು ಕುಲದವರು ಎದುರಾದರೆ ಬೈದುಕೊಳ್ಳಲೇಬೇಕು, ಸಿಟ್ಟಾಗಬಾರದು, ಕೇಳಿದ್ದನ್ನು ಇಲ್ಲವೆನ್ನಬಾರದು. ಅಜ್ಜಂದಿರ ಕಾಲದ ನೆಂಟಸ್ತಿಕೆ ಅದು.

“ಏ ಗುಲಾಮ, ಯಾರನ್ನ ಕೇಳಿ ಕಾಲು ಕೊಳೆಸ್ಕೊಂಡೆ?”

“ಸಿಸ್ಟರ್ ಪಾರೆ, ಸ್ವಲ್ಪ ಹೊರಗೆ ಬನ್ನಿ,” ಎಂದರು ಅಮಾನಿ.

ನಾನು ಅಲುಗಲಿಲ್ಲ. ಬಂದಾಗಿನಿಂದ ಗೋಡೆಗೆ ಮುಖ ಮಾಡಿ ಮಲಗಿದ್ದ ಮುದುಕ ಎದ್ದು ಕೂತಿದ್ದ.

“ಸಾಮೊನಾ ನೀನು? ಅದಕ್ಕೇ ವಾರ್ಡೆಲ್ಲ ನಾಯಿಮಾಂಸದ ನಾತ.”

“ಕತ್ತೆ ತಲೆ ತಿನ್ನೋನು ನಾತದ ಸುದ್ದಿ ಆಡ್ಬೇಡ. ನಿನ್ನ ಹೆಬ್ಬೆರಳು ನನಗೆ ಬೇಕು. ಕೇಳ್ತಾ ಇದೀನಿ, ಕೊಡು.”

ಮುದುಕ ಮಗನತ್ತ ನೋಡಿದ. ಮಗ ಸೂರು ನೋಡಿದ.

“ಒಂದೇ ಒಂದು,” ಎಂದ ಕೊನೆಗೆ. “ಪಕ್ಕದ ಬೆರಳ ಮೇಲೆ ಕಣ್ಣು ಹಾಕಿದ್ರೆ ಹುಷಾರ್.”

“ಅದ್ರಲ್ಲಿ ಒಂದು ಬಟ್ಟಲು ಸಾರೂ ಆಗಲ್ಲ, ಇಟ್ಕೊ.”

ಆಪರೇಷನ್ ಕೋಣೆಯ ಬಾಗಿಲಲ್ಲಿ ಮುದುಕ ನನ್ನ ಕೈ ಹಿಡಿದ. ಅವನ ಅಂಗೈ ತಣ್ಣಗಿತ್ತು.

“ನಾನೇನಾದ್ರೂ ಹೋದ್ರೆ, ನನ್ನ ಸಾವಿಗೆ ಬಂದೋರನ್ನ ಪದ್ಧತಿ ಪ್ರಕಾರ ನಗ್ಸೋಕೆ ನೀನೇ ಬರ್ಬೇಕು. ಈ ಊರಲ್ಲಿ ನನಗೆ ಬೇರೆ ಸಾಮೊ ಯಾರೂ ಗೊತ್ತಿಲ್ಲ.”

“ಬರಲ್ಲ. ಹೆಣಕ್ಕೆ ಬೈದ್ರೆ ತಿರುಗಿ ಬೈಯೋರು ಯಾರು?”

ಮುದುಕ ನಗುತ್ತಲೇ ಒಳಗೆ ಹೋದ.

ಸಂಜೆ ಅಮಾನಿ ಹೊರಬಂದು, ಕಾಲು ಉಳಿಯಿತು ಎಂದರು. ಸಾಮೊ ಹೆಣ್ಣು ಮೊಸ್ಸಿಗಾಗಿ ಅತ್ತಳೆಂದರೆ ಮಾನ ಉಳಿದೀತೆ? ಬಟ್ಟೆ ಒಗೆಯುವ ಕೋಣೆಗೆ ಹೋಗಿ, ಒಬ್ಬ ಮೊಸ್ಸಿಯೂ ಅಲ್ಲಿಲ್ಲವೆಂದು ನೋಡಿಕೊಂಡು, ಸಾಕಾಗುವಷ್ಟು ಅತ್ತೆ.