ಬೇಡಮ್ಮ

"ಮೈಕ್ ಕೊಡಿ ಸಾರ್," ಎನ್ನುತ್ತಲೇ ಮಗಳು ಅದನ್ನು ಅಮ್ಮನ ಪ್ರಯೋಗಾಲಯದ ನಿರ್ದೇಶಕರ ಕೈಯಿಂದ ಕಿತ್ತುಕೊಂಡಳು.

ಚಿತಾಗಾರದ ಸಭಾಂಗಣದಲ್ಲಿ ಕೂತಿದ್ದವರೆಲ್ಲ ಕತ್ತೆತ್ತಿದರು. ನಿರ್ದೇಶಕರು ಹೇಳುತ್ತಿದ್ದುದು ಇಷ್ಟೇ: ತೀರಿಕೊಂಡಾಕೆ ಹಸುವಿನಂಥ ಹೆಂಗಸು, ಯಾರಿಗೂ ಎದುರಾಡಿದವರಲ್ಲ, ತಮ್ಮ ಕೆಲಸವನ್ನು ಸಂತೋಷದಿಂದ ಕಿರಿಯರಿಗೆ ಬಿಟ್ಟುಕೊಟ್ಟರು.

"ಹಸುವಂತೆ!" ಮಗಳು ನಿರ್ದೇಶಕರತ್ತ ತಿರುಗಿದಳು. "ನಮ್ಮನೇಲಿ ಇಷ್ಟು ವರ್ಷ ಇದ್ದಿದ್ದು ಯಾರು ಹಾಗಾದ್ರೆ?"

ಸೋದರಮಾವ ಅವಳ ತೋಳು ಹಿಡಿದ. "ಸುಮ್ನಿರೇ. ಸಾವಿನ ಹೊತ್ನಲ್ಲಿ ಯಾರಾದ್ರೂ ಜಗಳ ಆಡ್ತಾರಾ?"

"ಅಮ್ಮ ಇದ್ದಿದ್ರೆ ಆಡ್ತಿದ್ಲು ಮಾವ."

*

ಬೇಡ ಎನ್ನುವುದೇ ಅಮ್ಮನ ಕೆಲಸವಾಗಿತ್ತು. ಪ್ರಯೋಗಾಲಯದ ನೆಲದಡಿಯ ಸುರಂಗದಲ್ಲಿ ಪರಮಾಣುವಿಗಿಂತ ಚಿಕ್ಕ ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಕಣ್ಣು ಮಿಟುಕಿಸುವಷ್ಟರಲ್ಲಿ ಲಕ್ಷಗಟ್ಟಲೆ ಡಿಕ್ಕಿ. ಎಲ್ಲವನ್ನೂ ದಾಖಲಿಸಹೊರಟರೆ ಊರು ತುಂಬ ಕಂಪ್ಯೂಟರ್ ಇಟ್ಟರೂ ಸಾಲದು. ಯಾವುದು ಬೇಕು, ಯಾವುದು ಬೇಡ ಎಂದು ಆ ಗಳಿಗೆಯಲ್ಲೇ ಆರಿಸುವ ವ್ಯವಸ್ಥೆಗೆ ಟ್ರಿಗರ್ ಎಂದು ಹೆಸರು. ಅದನ್ನು ಕಟ್ಟಿದವಳು ಅಮ್ಮ. ಬೇಡ ಎಂದದ್ದು ಹೋದಂತೆಯೇ, ತಿರುಗಿ ಸಿಗುವುದಲ್ಲ. ಅದಕ್ಕೇ ಒಂದೊಂದು 'ಬೇಡ'ಕ್ಕೂ ಕಾದಾಡುತ್ತಿದ್ದಳು. ಬೆನ್ನ ಹಿಂದೆ ಎಲ್ಲರೂ ಬೇಡಮ್ಮ ಎನ್ನುತ್ತಿದ್ದರು. ಎದುರಿಗೆ ಅಂದರೂ ಅವಳಿಗೆ ಬೇಸರವಿರಲಿಲ್ಲ.

ಸಾಮಾನ್ಯ ಕಣಗಳಿಗಿಂತ ತಡವಾಗಿ ಬರುವ ಸುಳಿವುಗಳು ಕೈತಪ್ಪದಿರಲೆಂದು ಟ್ರಿಗರಿನಲ್ಲಿ ಒಂದು ಪುಟ್ಟ ದಾರಿ ಇಟ್ಟಿದ್ದಳು. ವರ್ಷಗಟ್ಟಲೆ ಅದರಲ್ಲಿ ಕಸ ಬಿಟ್ಟು ಏನೂ ಸಿಗಲಿಲ್ಲ. ಆಗ ಗುಂಪಿನ ಮುಖ್ಯಸ್ಥರಾಗಿದ್ದ ಈ ನಿರ್ದೇಶಕರೇ ಮುಚ್ಚಿಬಿಡಿ ಎಂದರು.

"ಏನೂ ಸಿಕ್ಕಿಲ್ವಲ್ಲಮ್ಮ?"

"ಇಲ್ಲ ಅಂತ ಗೊತ್ತಾಗಿದ್ದೂ ನೋಡಿದ್ದಕ್ಕೆ ತಾನೇ? ಕಣ್ಮುಚ್ಚಿಕೊಂಡು ಇಲ್ಲ ಅನ್ನೋಕೆ ನಾನ್ಯಾಕೆ ಬೇಕು?"

ವಾರದೊಳಗೆ ಅವಳನ್ನು ತರಬೇತಿ ವಿಭಾಗಕ್ಕೆ ಎತ್ತಿಹಾಕಿದರು. ದಾರಿ ಮುಚ್ಚಿತು. ಅಂದು ಮನೆಗೆ ಬಂದವಳೇ, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಕುಕ್ಕಿ ಕುಕ್ಕಿ ಮತ್ತೆ ತೊಳೆದಳು. ನಿವೃತ್ತಿಯಾಗುವವರೆಗೂ ಕರೆಯದ ಸಭೆಗಳಿಗೆ ಹೋಗಿ, ಕೊನೆಯಲ್ಲಿ ಕೈಯೆತ್ತಿ ಅದೊಂದೇ ಕೇಳುತ್ತಿದ್ದಳು: "ಆ ದಾರಿ ಯಾವಾಗ ತೆಗೀತೀರಿ?"

ಯಾರೂ ತೆಗೆಯಲಿಲ್ಲ.

*

"ಅವಳು ಬಿಟ್ಟುಕೊಡ್ಲಿಲ್ಲ," ಮಗಳು ಮೈಕಿನಲ್ಲಿ ಹೇಳಿದಳು. "ನೀವು ಕಿತ್ಕೊಂಡ್ರಿ. ಅದನ್ನ ಹೇಳಿ ಸಾರ್. ಇಲ್ಲಾಂದ್ರೆ ಏನೂ ಹೇಳ್ಬೇಡಿ."

ಅಮ್ಮನೊಡನೆ ಸುರಂಗಕ್ಕಿಳಿಯುತ್ತಿದ್ದ ಮುದಿ ತಂತ್ರಜ್ಞ ಹಿಂದಿನ ಸಾಲಿನಿಂದ ಎದ್ದು ನಿಂತ. "ಸರಿಯಾಗಿ ಹೇಳಿದ್ಯಮ್ಮ. ಕೇಬಲ್ ಸೊಟ್ಟಗೆ ಹಾಕ್ದೆ ಅಂತ ಪುಣ್ಯಾತ್ಗಿತ್ತಿ ನನ್ನ ಕೈಲಿ ಯಂತ್ರದ ಇಡೀ ಬೀರು ಬಿಚ್ಚಿಸಿದ್ಲು. ಹಸುವಂತೆ!"

"ನನ್ನ ಮದುವೆಗೂ ಬೇಡ ಅಂದಿದ್ಲು," ಎಂದುಬಿಟ್ಟ ಸೋದರಮಾವ. ಪಕ್ಕದಲ್ಲಿದ್ದ ಹೆಂಡತಿ ತಿರುಗಿ ನೋಡಿದಳು. ಯಾರೋ ನಗು ತಡೆಯಲಾರದೆ ಕೆಮ್ಮಿದರು. ಕೆಮ್ಮು ಸಾಲಿಂದ ಸಾಲಿಗೆ ಹಬ್ಬಿ ನಗೆಯೇ ಆಯಿತು.

ನಿರ್ದೇಶಕರು ಮಾತ್ರ ನಗಲಿಲ್ಲ. "ಕಿತ್ಕೊಂಡೆ," ಎಂದರು, ಮೈಕಿಲ್ಲದೆಯೇ. "ಹೌದು. ಇವತ್ತಾದ್ರೂ ಅದನ್ನೇ ಮಾಡ್ತಿದ್ದೆ. ಅಷ್ಟೆಲ್ಲ ದಾಖಲಿಸಿಡೋಕೆ ಜಾಗ ಇರ್ಲಿಲ್ಲಮ್ಮ."

"ಇವತ್ತಾದ್ರೂ ಅವಳು ನಿಮ್ಮ ಜೊತೆ ಗುದ್ದಾಡ್ತಿದ್ಲು."

"ಗೊತ್ತು."

ಅಮ್ಮನನ್ನು ಮಲಗಿಸಿದ್ದ ಪೆಟ್ಟಿಗೆ ಎತ್ತುವ ಹೊತ್ತಾಯಿತು. ಮಗಳು ಮುಂದಿನ ಹಿಡಿಗೆ ಕೈ ಹಾಕಿದಳು. ನಿರ್ದೇಶಕರೂ ಬಂದು ಅದೇ ಹಿಡಿಗೆ ಕೈ ಹಾಕಿದರು.

"ಬಿಡಿ ಸಾರ್," ಎಂದಳು.

ಅವರು ಬಿಡಲಿಲ್ಲ. ಅವಳೂ ಬಿಡಲಿಲ್ಲ. ಇಬ್ಬರ ಭುಜಗಳೂ ಒಂದಕ್ಕೊಂದು ತಾಗುತ್ತ, ಒಬ್ಬರ ಹೆಜ್ಜೆ ಇನ್ನೊಬ್ಬರಿಗೆ ಕೂಡದೆ, ಪೆಟ್ಟಿಗೆ ಓರೆಯಾಗಿಯೇ ಒಲೆಯ ಬಾಗಿಲ ಕಡೆ ಸಾಗಿತು.