ಮಿಂಚುರಾಣಿಯ ಮೊಣಕಾಲು

ಹಲಸೂರಿನ ರುದ್ರಾಣಿಯ ಮನೆಯಲ್ಲಿ ಬೆಳಗಿನ ಕಾಫಿಯ ಜೊತೆಗೇ ಹೊಲಿಗೆ ಯಂತ್ರದ ಸದ್ದೂ ಏಳುತ್ತಿತ್ತು. ನಾಟಕದ ಉಡುಪು ಕತ್ತರಿಸುವವನು ಗಂಡ ಪಂಚಾಕ್ಷರಿ, ಹೊಲಿಯುವವಳು ಅವಳು. ೨೦೦೩ರ ಬೇಸಿಗೆಯಲ್ಲಿ ಹಂಪಣ್ಣನೆಂಬ ಗುತ್ತಿಗೆದಾರ ಮಕ್ಕಳಿಗಾಗಿ ಸಾಹಸ ಪ್ರದರ್ಶನ ಹೂಡಿದ. ನಾಯಕ ವಜ್ರಬಾಹುವಿನ ಪಾತ್ರಕ್ಕೆ ಯಾರೋ ಹುಡುಗ ಸಿಕ್ಕಿದ. ನಾಯಕಿ ಮಿಂಚುರಾಣಿಯ ಪಾತ್ರ ರುದ್ರಾಣಿಯ ಮಗಳು ಸುಪ್ರೀತಾಳಿಗೇ ಬಂತು. ಅವಳು ಕಾಲೇಜಿನ ಓಟಗಾರ್ತಿ. ರಾಜ್ಯ ತಂಡದ ಆಯ್ಕೆ ಹತ್ತಿರದಲ್ಲೇ ಇತ್ತು.

ಇಬ್ಬರೂ ಹಾರಬೇಕಾದದ್ದು ಒಂದೇ ಅಟ್ಟಣೆಯಿಂದ. ಅವನಿಗೆ ಎದೆ, ಮೊಣಕೈ, ಮೊಣಕಾಲಿಗೆಲ್ಲ ದಪ್ಪ ಸ್ಪಂಜು. ಇವಳಿಗೆ ತೊಡೆಯವರೆಗಿನ ಗಿಡ್ಡ ಅಂಗಿ, ಎತ್ತರದ ಹಿಮ್ಮಡಿಯ ಬೂಟು. ಚೆನ್ನಾಯಿತು ನ್ಯಾಯ! ಮಗಳ ದುಪಟ್ಟಾ ಜಾರಿದರೆ ಭೂಮಿ ಆಕಾಶ ಒಂದು ಮಾಡುತ್ತಿದ್ದ ಅಪ್ಪನೇ ಆ ಅಂಗಿಗೆ ಕತ್ತರಿ ಹಾಕಿದ.

"ನನಗೂ ಸ್ಪಂಜು ಹಾಕಪ್ಪ. ಹುಡುಗಿ ಬೀಳ್ತಾಳೆ ಅಂತ ನೆಲ ಮೆತ್ತಗಾಗತ್ತಾ?"

"ಹೀರೋಯಿನ್ ಅಂದ್ರೆ ನಾಜೂಕಾಗಿ ಕಾಣ್ಬೇಕಮ್ಮ. ಹಿಂದಿನಿಂದ್ಲೂ ಹೀಗೇ ಮಾಡ್ಕೊಂಡು ಬಂದಿರೋದು."

ಸುಪ್ರೀತಾ ತಾನೇ ಮೊಣಕಾಲು ಮುಚ್ಚುವ ಕಾಲುಚೀಲದೊಳಗೆ ಸ್ಪಂಜು ಹೊಲಿದುಕೊಂಡಳು. ಹಂಪಣ್ಣ ನೋಡಿ ಮುಖ ಸಿಂಡರಿಸಿದ.

"ಆನೆಕಾಲಿನ ಥರ ಕಾಣತ್ತೆ, ತೆಗೀರಿ."

"ಒಂದು ದಿನದ ಮಾತು, ಹಟ ಮಾಡ್ಬೇಡ್ವೇ," ಎಂದು ರುದ್ರಾಣಿ ತನ್ನ ಕೈಯಾರೆ ಆ ಹೊಲಿಗೆ ಬಿಚ್ಚಿದಳು. ಅಯ್ಯೋ, ಹೆತ್ತವಳೇ ಬಿಚ್ಚಿದಳು!

ಪ್ರದರ್ಶನದ ದಿನ ವಜ್ರಬಾಹು ಹಾರಿ ಬಿದ್ದ, ಎದ್ದು ಕೈಬೀಸಿದ. ಸುಪ್ರೀತಾ ಹಾರಿದಳು. ಹಿಮ್ಮಡಿ ಹೊರಳಿ ಎರಡೂ ಮೊಣಕಾಲು ವೇದಿಕೆಯ ಹಲಗೆಗೆ ಬಡಿದವು. "ಅಮ್ಮಾ!" ಎಂದು ಚೀರಿದಳು. ಜನ ಅದೂ ಆಟವೆಂದೇ ತಿಳಿದು ಚಪ್ಪಾಳೆ ತಟ್ಟಿದರು.

ನಡೆಯಬಹುದು, ಓಡುವ ಆಸೆ ಬಿಡಿ ಎಂದರು ಡಾಕ್ಟರು.

"ಎಲ್ಲಾ ಹಣೆಬರಹ," ಎಂದ ಪಂಚಾಕ್ಷರಿ.

"ಹಣೆಬರಹ ಅಲ್ಲ ರೀ. ಕತ್ತರಿಸಿದ್ದು ನೀವು, ಬಿಚ್ಚಿದ್ದು ನಾನು," ಎಂದು ರುದ್ರಾಣಿ ಗೋಳೋ ಎಂದು ಅತ್ತಳು.

ಕೆಲ ದಿನ ಕಳೆದು ಹಂಪಣ್ಣ ಮತ್ತೆ ಬಂದ. ಮುಂದಿನ ಪ್ರದರ್ಶನಕ್ಕೆ ಬೈಯಪ್ಪನಹಳ್ಳಿಯ ಗೌತಮಿ ಎಂಬ ಹುಡುಗಿ ಸಿಕ್ಕಿದ್ದಳಂತೆ, ಅವಳಿಗೂ ಅಂಥದೇ ಅಂಗಿ ಬೇಕಂತೆ.

"ಹುಡುಗನಿಗೆ ಹೊಲಿದ ಹಾಗೇ ಹೊಲೀತೀನಿ. ಒಪ್ಪಿಗೆ ಇಲ್ದಿದ್ರೆ ಹೊರಡಿ," ಎಂದಳು ರುದ್ರಾಣಿ. ಪಂಚಾಕ್ಷರಿ ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟ.

"ಊರಲ್ಲಿ ನೀವೊಬ್ರೇನಾ ಟೈಲರು?" ಎಂದು ಹಂಪಣ್ಣ ಹೊರಟೇಹೋದ.

ಒಳಗಿನಿಂದ ಸುಪ್ರೀತಾ ಊರುಗೋಲು ಹಿಡಿದು, ಗೋಡೆ ಹಿಡಿದು ಬಂದಳು. ನೋವಿಗೆ ಕಣ್ಣು ತುಂಬಿತ್ತು.

"ಅಮ್ಮಾ, ಆಟೋ ಕರಿ, ಬೈಯಪ್ಪನಹಳ್ಳಿಗೆ. ಆ ಹುಡುಗಿ ಹಾರೋಕೆ ಮುಂಚೆ ನನ್ನ ಕಾಲು ನೋಡ್ಲಿ."